ತಾಟಿನ ಮೇಲಿನ ಅರಿವೆ

ರೋಜಾ ಬಿಟ್ಟು, ನಮಾಜು ಮುಗಿಸಿ, ಸರದಾರ ಅವಸರದಲ್ಲಿ ಮೆಟ್ಟಿಲು ಹತ್ತಿ ಬಂದು ಕಂಪ್ಯೂಟರ್ ಕ್ಲಾಸಿನ ಬೀಗ ತೆಗೆದ. ಮಹಾರಾಷ್ಟ್ರದ ಗಡಿಯ ಜತ್ತದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಶಿವಶರಣ ಅವರ ಬಟ್ಟೆ ಅಂಗಡಿಯ ಮೇಲಿನ ಕೋಣೆ ಅದು; ಕ್ಲಾಸಿನ ಮಾಲೀಕರೂ ಅವರೇ. ಎಂಟು ಕಂಪ್ಯೂಟರುಗಳು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕುಳಿತಿದ್ದವು. ಅವನು ಒಂದೊಂದರ ಮೇಲಿನ ಹೊದಿಕೆ ತೆಗೆದು ಮಡಚಿಟ್ಟ. ವೈರುಗಳನ್ನು ಬೆರಳಿನಿಂದ ಒತ್ತಿ ನೋಡಿದ. ಕರೆಂಟು ಹೋದರೆ ಕಂಪ್ಯೂಟರು ಆರಿಸುವಷ್ಟು ಹೊತ್ತಿಗೆ ಮಾತ್ರ ಸಾಲುವ ಇನ್ವರ್ಟರಿನ ದೀಪ ನೋಡಿದ. ಆಮೇಲೆ ತಿರುಗಿ ಮೊದಲ ಕಂಪ್ಯೂಟರಿಗೇ ಬಂದು ಅದರ ವೈರನ್ನು ಮತ್ತೊಮ್ಮೆ ಒತ್ತಿದ. ಒಂದು ಸಲ ನೋಡಿದ್ದು ಸಾಕು ಎನ್ನುವ ಧೈರ್ಯ ಅವನಿಗೆ ಎಂದೂ ಬಂದಿರಲಿಲ್ಲ.

ಅದು ಎರಡು ಸಾವಿರದ ಐದನೇ ಇಸವಿಯ ಅಕ್ಟೋಬರ್ ತಿಂಗಳು. ಸಂಜೆ ಆರೂವರೆಗೆ ಕ್ಲಾಸು, ಏಳೂವರೆಗೆ ಲೋಡ್‌ಶೆಡ್ಡಿಂಗ್. ನಡುವಿನ ಒಂದು ತಾಸಿನಲ್ಲಿ ಎಂಟು ಜನರಿಗೆ ಕಲಿಸಬೇಕು. ಮೊದಲೆಲ್ಲ ಒಬ್ಬರ ಖುರ್ಚಿಯ ಹಿಂದೆ ನಿಂತು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಕೈ ಎತ್ತುತ್ತಿದ್ದರು. ಹೇಳಿದ್ದನ್ನೇ ಎಂಟು ಸಲ ಹೇಳಬೇಕು. ಆರನೆಯವರ ಹತ್ತಿರ ಹೋಗುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು.

ಅದಕ್ಕೇ ಸರದಾರ ಎರಡು ತಿಂಗಳು ಕೂತು ಒಂದು ಪ್ರೋಗ್ರಾಮ್ ಬರೆದ. ಹಿಂದೆ ಮಿರಜಿನಲ್ಲಿ ಹಗಲು ರೇಡಿಯೋ ರಿಪೇರಿ ಮಾಡುತ್ತ, ಸಂಜೆ ತರಗತಿಗೆ ಹೋಗಿ ಕಲಿತ ವಿದ್ಯೆ ಇಷ್ಟಕ್ಕೆ ಸಾಲುತ್ತದೆಯೇ ಎಂಬ ಅನುಮಾನ ಕೊನೆಯ ದಿನದವರೆಗೂ ಇತ್ತು. ಆದರೆ ಪ್ರೋಗ್ರಾಮ್ ನಡೆಯಿತು. ಬಾಗಿಲ ಪಕ್ಕ ಬೇರೆಯಾಗಿದ್ದ ಅವನ ಕಂಪ್ಯೂಟರಿನಲ್ಲಿ ಎಂಟು ಜನರ ಹೆಸರಿನ ಯಾದಿ ಇತ್ತು. ಯಾರ ಹೆಸರನ್ನು ಒತ್ತಿದರೆ ಅವರ ಪರದೆ ಉಳಿದ ಎಲ್ಲ ಪರದೆಗಳ ಮೇಲೆ ಮೂಡುತ್ತಿತ್ತು. ಮೇಲ್ಗಡೆ ಕೆಂಪು ಅಕ್ಷರದಲ್ಲಿ ಅವರ ಹೆಸರು. ಯಾರೂ ಕೂತಲ್ಲಿಂದ ಏಳುವ ಕಾರಣವಿಲ್ಲ. ಒಬ್ಬರ ತಪ್ಪು ನೋಡಿ ಎಂಟೂ ಜನ ಕಲಿಯಬಹುದು. ಹೋದ ತಂಡದಲ್ಲಿ ಎಲ್ಲರೂ ಪಾಸಾದರು. ಶಿವಶರಣ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಮೇಲೆ ಕರೆತಂದು ತೋರಿಸಿದರು.

ಅಂದು ಎಲ್ಲರಿಗಿಂತ ಮೊದಲು ಬಂದವರು ಇಂದ್ರಾಬಾಯಿ. ಅಸಂಗಿ ಎಂಬ ಹಳ್ಳಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪಾಠ ಹೇಳುತ್ತಿದ್ದರು. ಐವತ್ತೆರಡು ವಯಸ್ಸು. ಸಂಜೆಯ ಎಸ್.ಟಿ. ಬಸ್ಸು ಹಿಡಿದು ಬಂದು, ಏಳೂಮುಕ್ಕಾಲರ ಎಸ್.ಟಿ.ಗೆ ಮರಳುತ್ತಿದ್ದರು. ಬರುವ ಮೇ ತಿಂಗಳಲ್ಲಿ ಅವರ ಶಾಲೆಯ ಮುಖ್ಯಾಧ್ಯಾಪಕರು ನಿವೃತ್ತರಾಗುವವರಿದ್ದರು. ಸರದಿಯ ಪ್ರಕಾರ ಆ ಖುರ್ಚಿ ಇಂದ್ರಾಬಾಯಿಗೆ ಬರಬೇಕು. ಆದರೆ ಕಂಪ್ಯೂಟರ್ ಪರೀಕ್ಷೆ ಪಾಸಾಗದವರ ಹೆಸರು ಬಡ್ತಿಯ ಯಾದಿಯಲ್ಲಿ ಇರುವುದಿಲ್ಲ ಎಂದು ಮೇಲಿನಿಂದ ಕಾಗದ ಬಂದಿತ್ತು. ಡಿಸೆಂಬರ್ ಪರೀಕ್ಷೆಯೇ ಕೊನೆಯದು.

"ಕುಂದ್ರಿ ಅಕ್ಕೋರ. ಇವತ್ತ ಅರ್ಜಿ ಬರಿಯೂದು ಐತಿ," ಎಂದ ಸರದಾರ.

"ಅರ್ಜಿ ಬರಿಯೂದು ನನಗ ಬರ್ತೈತಿರಿ ಸರ. ಈ ಇಲಿ ಹಿಡಿಯೂದ ಬರವಲ್ದು," ಎಂದು ಅವರು ಮೌಸನ್ನು ತೋರಿಸಿ ನಕ್ಕರು.

ಉಳಿದವರೂ ಬಂದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಅವರಲ್ಲಿ ಸೋಹೇಲ ಎಲ್ಲರಿಗಿಂತ ಚುರುಕು, ಬಾಯಿಯೂ ಅಷ್ಟೇ ಚುರುಕು. ಅವನ ತಂದೆಯದು ನಿಲ್ದಾಣದ ಎದುರು ಪಂಕ್ಚರ್ ತಿದ್ದುವ ಅಂಗಡಿ. ಮೊದಲು ಅವರು ಅಸಂಗಿಯಲ್ಲೇ ಇದ್ದರು. ಸೋಹೇಲ ಎರಡನೇ ಇಯತ್ತೆಯವರೆಗೆ, ಅಂದರೆ ಎರಡನೇ ತರಗತಿಯವರೆಗೆ, ಇಂದ್ರಾಬಾಯಿಯ ಕೈಯಲ್ಲೇ ಕಲಿತವನು.

"ಸರ, ಇವತ್ತ ಯಾರ ಪಾಳಿ?" ಎಂದು ಅವನೇ ಕೇಳಿದ.

ಸರದಾರ ಪ್ರತಿದಿನ ಮಾಡುವಂತೆಯೇ ಮಾಡಿದ. ಯಾರಿಗೆ ಹೆಚ್ಚು ತೊಡಕಾಗಿದೆಯೋ ಅವರ ಹೆಸರು ಒತ್ತಿದ. ಎಂಟೂ ಪರದೆಗಳ ಮೇಲೆ ಇಂದ್ರಾಬಾಯಿಯ ಅರ್ಜಿ ಮೂಡಿತು. ಶೀರ್ಷಿಕೆಯನ್ನು ಪುಟದ ನಡುವಿಗೆ ತರಬೇಕಿತ್ತು. ಅದಕ್ಕೆ ಮೇಲಿನ ಒಂದು ಸಣ್ಣ ಗುಂಡಿಯ ಮೇಲೆ ಬಾಣವನ್ನು ನಿಲ್ಲಿಸಿ ಒತ್ತಬೇಕು. ಬಾಣ ಹೊರಟಿತು. ಗುಂಡಿಯನ್ನು ದಾಟಿ ಹೋಯಿತು. ಹಿಂದೆ ಬಂತು. ಮತ್ತೆ ದಾಟಿತು. ಒಂದು ಕ್ಷಣ ಅಲ್ಲೇ ನಡುಗುತ್ತ ನಿಂತು, ಥಟ್ಟನೆ ಮೂಲೆಗೆ ಜಾರಿತು.

"ಅಸಂಗಿ ಎಸ್.ಟಿ. ನೋಡ್ರಪಾ, ನಿಲ್ದಾಣ ಬಂದ್ರೂ ನಿಂದ್ರವಲ್ದು!" ಎಂದ ಸೋಹೇಲ.

"ಕಂಡಕ್ಟರ್ ಸೀಟಿ ಹೊಡದಿಲ್ಲೇಳು," ಎಂದು ಮತ್ತೊಬ್ಬ ಸೇರಿಸಿದ.

ಕೋಣೆ ತುಂಬ ನಗೆ. ಸರದಾರನಿಗೂ ನಗೆ ಬಂತು. ತಡೆಯುವಷ್ಟರಲ್ಲಿ ಹೊರಗೆ ಬಿದ್ದಿತ್ತು. ಇಂದ್ರಾಬಾಯಿ ಗಡಿಬಿಡಿಯಲ್ಲಿ ಯಾವುದೋ ಕೀಲಿ ಒತ್ತಿದರು. ಅರ್ಜಿ ಪೂರ್ತಿ ಮಾಯವಾಯಿತು. ಎಂಟೂ ಪರದೆಗಳ ಮೇಲೆ ಬಿಳಿ ಪುಟ, ಅದರ ನೆತ್ತಿಯ ಮೇಲೆ ಕೆಂಪಗೆ 'ಇಂದ್ರಾಬಾಯಿ'. ನಗೆ ಮತ್ತೂ ಜೋರಾಯಿತು.

ಅವರು ಎದ್ದು ನಿಂತರು. ಮಡಚಿಟ್ಟಿದ್ದ ಹೊದಿಕೆಯನ್ನು ತೆಗೆದುಕೊಂಡು, ಇನ್ನೂ ನಡೆಯುತ್ತಿದ್ದ ತಮ್ಮ ಕಂಪ್ಯೂಟರಿನ ಮೇಲೆ ಹಾಸಿ, ಅಂಚುಗಳನ್ನು ಸರಿಮಾಡಿದರು.

"ಎಸ್.ಟಿ. ಹೊತ್ತಾತ್ರಿ ಸರ, ಬರ್ತೀನಿ," ಎಂದರು. ಎಸ್.ಟಿ.ಗೆ ಇನ್ನೂ ಮುಕ್ಕಾಲು ತಾಸು ಇತ್ತು.

ಅವರು ಇಳಿದು ಹೋದ ಮೇಲೂ ಉಳಿದ ಏಳು ಪರದೆಗಳ ಮೇಲೆ ಆ ಬಿಳಿ ಪುಟ ಹಾಗೆಯೇ ಇತ್ತು. ಅವರು ಮುಚ್ಚಿದ್ದು ಒಂದನ್ನು ಮಾತ್ರ. ಸರದಾರ ತನ್ನ ಕಂಪ್ಯೂಟರಿಗೆ ಓಡಿ ಹೋಗಿ ಆ ಪುಟವನ್ನು ಆರಿಸಿದ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಖಾಲಿ ಖುರ್ಚಿಯ ಮುಂದಿನ ಹೊದಿಕೆಯನ್ನು ಸರದಾರ ತೆಗೆಯುವುದನ್ನೂ ಬಿಟ್ಟ. ಮೂರನೆಯ ದಿನ ಕ್ಲಾಸು ಮುಗಿದ ಮೇಲೆ ಕೆಳಗಿಳಿದು, ಬಟ್ಟೆಯ ಸುರುಳಿ ಸುತ್ತಿಡುತ್ತಿದ್ದ ಶಿವಶರಣರ ಮುಂದೆ ನಿಂತ.

"ಆ ಪ್ರೋಗ್ರಾಮ್ ತಗದ ಬಿಡ್ಲೇನ್ರಿ ಅಂತ ವಿಚಾರ ಮಾಡಾಕತ್ತೀನಿ," ಎಂದ.

"ಯಾಕ್ರಿ? ಹುಚ್ಚ ಹಿಡದೈತೇನ್ರಿ ನಿಮಗ?" ಶಿವಶರಣ ಸುರುಳಿ ಕೆಳಗಿಟ್ಟರು. "ಅದು ಬಂದ ಮ್ಯಾಲ ಮಂದಿ ಪಾಸ್ ಆಗಾಕತ್ತಾರ. ಹೌದಿಲ್ಲೋ?"

"ಹೌದ್ರಿ. ಆದ್ರ ಅಕ್ಕೋರು ಬರೂದ ಬಿಟ್ಟಾರ."

"ಏಳ ಮಂದಿಗೆ ಚಲೋ ಆಗೂದನ್ನ ಒಬ್ರ ಸಲುವಾಗಿ ಬಿಡಾಕ ಬರ್ತೈತೇನ್ರಿ? ನಮ್ಮ ಕಾಲದಾಗ ಗುರೂಜಿ ಎಲ್ಲಾರ ಮುಂದ ನಿಲ್ಲಿಸಿ ಕಿವಿ ಹಿಂಡ್ತಿದ್ರು. ನಾವ್ ಕಲೀಲಿಲ್ಲೇನು?"

ಶಿವಶರಣ ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಸರದಾರ ಹೊರಗೆ ಬಂದಾಗ ಸೋಹೇಲ ಸೈಕಲ್ ಹಿಡಿದು ನಿಂತಿದ್ದ. ಅವನು ಒಳಗಿನ ಮಾತು ಕೇಳಿಸಿಕೊಂಡಿದ್ದ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು.

"ಸರ, ನಾ ಏನ್ ಅಂಥಾದ್ದ ಅಂದ್ನಿರಿ? ನಗಚಾಟಿಕಿ ಮಾಡಿದ್ನಿ, ಅಷ್ಟ."

"ನೀ ಒಬ್ಬನ ಅಲ್ಲಪಾ. ನಾನೂ ನಕ್ಕೀನಿ."

ಸೋಹೇಲ ಸೈಕಲ್ಲಿನ ಗಂಟೆಯ ಮೇಲೆ ಬೆರಳು ಆಡಿಸಿದ. "ಎರಡನೇ ಇಯತ್ತೇದಾಗ ಅಕ್ಕೋರು ನನ್ನ ಪಾಟಿ ಎತ್ತಿ ಹಿಡದು ಇಡೀ ವರ್ಗಕ್ಕ ತೋರಿಸಿದ್ರು ಸರ. ನಾ ಮೂರರ ಅಂಕಿ ಉಲ್ಟಾ ಬರದಿದ್ನಿ. ಅವತ್ತಿನಿಂದ ಎಲ್ಲಾರೂ ನನಗ 'ಉಲ್ಟ್ಯಾ' ಅಂತಿದ್ರು. ಅಸಂಗಿ ಬಿಟ್ಟು ಇಲ್ಲಿ ಬಂದ ಮ್ಯಾಲ ಆ ಹೆಸರು ಹೋತು." ಗಂಟೆಯಿಂದ ಬೆರಳು ತೆಗೆದು ಅಂದ, "ಅದನ್ನ ಮನಸಿನ್ಯಾಗ ಇಟಗೊಂಡು ಅನಲಿಲ್ರಿ. ಖರೇನ. ಅನಬೇಕಾದ್ರ ನೆನಪ ಇದ್ದಿದ್ದಿಲ್ಲ. ಅಂದ ಮ್ಯಾಲ ನೆನಪಾತು."

ಸೈಕಲ್ ಹತ್ತಿ ಅವನು ಹೊರಟುಹೋದ.

ರಮಜಾನ್ ಹಬ್ಬ ಬಂತು. ಕ್ಲಾಸಿಗೆ ಎರಡು ದಿನ ರಜೆ. ಬೆಳಿಗ್ಗೆ ನಮಾಜಿನಿಂದ ಬಂದವನೇ ಸರದಾರ ಓಣಿಯ ಮನೆಮನೆಗೆ ಹಬ್ಬದ ತಾಟು ಹೊರುವ ಕೆಲಸಕ್ಕೆ ನಿಂತ. ಅವನ ತಾಯಿ ರಾಜಬಿ ಒಲೆಯ ಮುಂದೆ ಕೂತು ಎರಡು ಬಗೆಯ ತಾಟು ಸಿದ್ಧಮಾಡುತ್ತಿದ್ದಳು. ಕೆಲವು ಮನೆಗಳಿಗೆ ಹಾಲು, ಶಾವಿಗೆ ಹಾಕಿ ಕುದಿಸಿದ ಸುರಕುಂಬಾ. ಓಣಿಯಲ್ಲಿದ್ದ ಲಿಂಗಾಯತರ ಮನೆಗಳಿಗೆ ಒಣ ಸಾಮಾನು: ಶಾವಿಗೆ, ಸಕ್ಕರೆ, ಒಣಕೊಬ್ಬರಿ, ಖರ್ಜೂರ. ಮಾಂಸ ಬೇಯುವ ಮನೆಯ ಅಡುಗೆ ಅವರು ಉಣ್ಣುವುದಿಲ್ಲ. ಸಾಮಾನು ಕೊಟ್ಟರೆ ತಮ್ಮ ಒಲೆಯ ಮೇಲೆ ತಾವೇ ಮಾಡಿಕೊಂಡು ಉಣ್ಣುತ್ತಾರೆ. ಅವಳ ಅತ್ತೆಯ ಕಾಲದಿಂದಲೂ ಹಾಗೆಯೇ ನಡೆದಿತ್ತು. ಪ್ರತಿ ತಾಟಿನ ಮೇಲೂ ಅವಳೇ ಕಸೂತಿ ಹಾಕಿದ ಅರಿವೆ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ನೆಂಟರು ತುಂಬಿದ್ದರು. ಪಕ್ಕದ ಮನೆಯ ಶಿವಲಿಂಗವ್ವ ತಾಟು ಮರಳಿಸಲು ಬಂದಳು. ಸಂತೆಯಲ್ಲಿ ಸೊಪ್ಪು ಮಾರಿ ಬದುಕುವವಳು. ಕೊಟ್ಟ ತಾಟನ್ನು ಬರಿದಾಗಿ ಮರಳಿಸುವ ಪದ್ಧತಿ ಆ ಓಣಿಯಲ್ಲಿ ಇಲ್ಲ. ಅವಳೂ ಏನೋ ಹಾಕಿ, ಅದೇ ಅರಿವೆ ಮುಚ್ಚಿ ತಂದಿದ್ದಳು. ಸರದಾರ ಅದನ್ನು ಇಸಿದುಕೊಂಡ. ಇನ್ನೂ ಎರಡು ಮನೆಗೆ ಕಳಿಸಲು ತಾಟು ಬೇಕಾಗಿತ್ತು. ಅವಸರದಲ್ಲಿ ಅಂಗಳದಲ್ಲೇ ಅರಿವೆ ಎತ್ತಿದ.

ತಾಟಿನ ನಡುವೆ ಒಂದು ಹಿಡಿ ಸಕ್ಕರೆ ಇತ್ತು. ಅಷ್ಟೇ.

"ಹೌದಾ, ಇಷ್ಟನಾ?" ಎಂದು ನೆಂಟರ ಹೆಂಗಸೊಬ್ಬಳು ನಕ್ಕಳು.

ಶಿವಲಿಂಗವ್ವ ಇನ್ನೂ ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಳು. ಕೇಳದವಳಂತೆ ತಲೆ ತಗ್ಗಿಸಿ, ಸೆರಗು ಸರಿಮಾಡಿಕೊಂಡು ಹೋದಳು.

ರಾಜಬಿ ಎದ್ದು ಬಂದು, ಮಗನ ಕೈಯಿಂದ ತಾಟು ಇಸಿದುಕೊಂಡು, ಅರಿವೆ ಮುಚ್ಚಿ ಒಳಗೆ ಒಯ್ದಳು. ನೆಂಟರ ಮುಂದೆ ಏನೂ ಅನ್ನಲಿಲ್ಲ. ಅವನು ಒಳಗೆ ಬಂದಾಗ ಮೆಲ್ಲಗೆ ಕೇಳಿದಳು.

"ಮಂದಿ ತಂದ ತಾಟಿನ ಮ್ಯಾಲಿನ ಅರಬಿ ನೀ ಯಾಕ ತಗದಿ ಬೇಟಾ?"

"ತಾಟ ಬೇಕಾಗಿತ್ತಮ್ಮಾ. ಖಾಲಿ ಮಾಡಬೇಕಂತ..."

"ಒಳಗ ತಂದು ಮಾಡಬೇಕು. ನೊಣ ಕುಂದ್ರಬಾರದಂತ ಅರಬಿ ಮುಚ್ಚತೀವಿ ಅಂತ ಮಾಡೀಯೇನು?" ಅವಳು ಸಕ್ಕರೆಯನ್ನು ಡಬ್ಬಿಗೆ ಸುರಿದುಕೊಂಡಳು. ಒಂದು ಹರಳೂ ಕೆಳಗೆ ಬೀಳಲಿಲ್ಲ. "ಕೊಟ್ಟಾಕಿಗೆ ಗೊತ್ತು, ತಗೊಂಡಾಕಿಗೆ ಗೊತ್ತು. ಅಂಗಳದಾಗ ಕುಂತಾವ್ರಿಗೆ ಯಾಕ ಗೊತ್ತಾಗಬೇಕು? ಆಕಿಗೆ ತೋರಸೂದಿದ್ರ ಆಕಿನ ಅರಬಿ ತಗದು ತರ್ತಿದ್ಲು."

ಸರದಾರ ಗೋಡೆಗೆ ಒರಗಿ ನಿಂತುಬಿಟ್ಟ. ಅವನ ಕಣ್ಣ ಮುಂದೆ ಬಿಳಿ ಪುಟ ಬಂತು. ಅದರ ಮೇಲೆ ಕೆಂಪು ಅಕ್ಷರದ ಹೆಸರು ಬಂತು. ನಡೆಯುತ್ತಿದ್ದ ಕಂಪ್ಯೂಟರಿನ ಮೇಲೆ ಹೊದಿಕೆ ಹಾಸಿ ಅಂಚು ಸರಿಮಾಡಿದ ಕೈ ಬಂತು.

"ಏನಾತೋ? ನಾ ಏನ್ ಭಾಳ ಅಂದ್ನೇನು?" ರಾಜಬಿಗೆ ಗಾಬರಿಯಾಯಿತು.

"ಇಲ್ಲಮ್ಮಾ. ಚಲೋ ಅಂದಿ," ಎಂದ ಅವನು. ಶಿವಲಿಂಗವ್ವನ ಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತು, ತಪ್ಪಾಯಿತು ಅವ್ವಾ ಎಂದು ಹೇಳಿ ಬಂದ. "ಹಬ್ಬದ ದಿವಸ ಅಂಥಾದ್ದೆಲ್ಲಾ ಅನಬಾರದು ತಮ್ಮಾ, ಶಾವಿಗಿ ಕುದ್ಯಾಕತ್ತೈತಿ, ಒಂದು ಬಟ್ಟಲ ತಿಂದ ಹೋಗು," ಎಂದಳು ಅವಳು. ಅವನು ಕೂತು ತಿಂದ.

ಮರುದಿನ ಬೆಳಿಗ್ಗೆಯೇ ಕ್ಲಾಸಿಗೆ ಹೋಗಿ ಪ್ರೋಗ್ರಾಮ್ ತೆರೆದ. ಅದನ್ನು ಕಿತ್ತೊಗೆಯಲಿಲ್ಲ. ಶಿವಶರಣರ ಮಾತು ಸುಳ್ಳಾಗಿರಲಿಲ್ಲವಲ್ಲ. ಒಬ್ಬರ ತೊಡಕು ನೋಡಿ ಎಂಟು ಜನ ಕಲಿಯುವುದು ನಿಜವೇ. ಬದಲಿಸಬೇಕಾದದ್ದು ಕೀಲಿ ಯಾರ ಕೈಯಲ್ಲಿದೆ ಎಂಬುದನ್ನು. ತನ್ನ ಕಂಪ್ಯೂಟರಿನ ಹೆಸರುಗಳ ಯಾದಿಯನ್ನು ಅಳಿಸಿದ. ಪ್ರತಿಯೊಬ್ಬರ ಕೀಬೋರ್ಡಿನಲ್ಲಿ ಒಂದು ಕೀಲಿ ಗೊತ್ತುಮಾಡಿದ. ಅದನ್ನು ಅವರೇ ಒತ್ತಿದರೆ ಮಾತ್ರ ಅವರ ಪರದೆ ಎಲ್ಲರಿಗೂ ಕಾಣುತ್ತದೆ. ಮತ್ತೆ ಒತ್ತಿದರೆ ಮುಚ್ಚುತ್ತದೆ. ಕೆಂಪು ಹೆಸರನ್ನು ತೆಗೆದುಹಾಕಿದ. ಆದರೆ ಯಾರೂ ಒತ್ತದೇ ಹೋದರೆ? ಆ ಚಿಂತೆಗೆ, ಯಾರ ಪರದೆಯನ್ನಾದರೂ ತೋರಿಸಬಲ್ಲ ಗುಪ್ತ ಕೀಲಿಯೊಂದನ್ನು ಯಾರಿಗೂ ಗೊತ್ತಾಗದಂತೆ ತನಗೆ ಇಟ್ಟುಕೊಂಡ. ಮಧ್ಯಾಹ್ನ ಊಟಕ್ಕೆ ಕೂತವನು ಆ ಕೀಲಿ ನೆನಪಾಗಿ ಅರ್ಧಕ್ಕೇ ಎದ್ದ. ವಾಪಸು ಹೋಗಿ ಅದನ್ನೂ ಅಳಿಸಿದ. ಅಳಿಸಿದ್ದೇನೆಯೇ ಎಂದು ಮೂರು ಸಲ ನೋಡಿದ.

ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಅವನು ಅಸಂಗಿಯಲ್ಲಿದ್ದ. ಮಕ್ಕಳು ಪಾಟಿಚೀಲ ಬೀಸುತ್ತ ಓಡಿದ ಮೇಲೆ ಇಂದ್ರಾಬಾಯಿ ಬಾಗಿಲಿಗೆ ಬಂದರು.

"ಬರ್ರಿ ಸರ. ಇಷ್ಟ ದೂರ ಬಂದೀರಿ! ಕುಂದ್ರಿ." ತಾವೇ ಖುರ್ಚಿ ಎಳೆದು ಹಾಕಿದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಸರದಾರನಿಗೆ ಮರೆತುಹೋಯಿತು. "ಅಕ್ಕೋರ, ಅವತ್ತ ನಾನೂ ನಕ್ಕೀನಿ," ಎಂದಷ್ಟೇ ಅಂದ.

"ಹೌದೇನ್ರಿ? ನಾ ನೋಡ್ಲಿಲ್ಲ. ನಾ ಆ ಬಾಣ ಎಲ್ಲಿ ಹೋತಂತ ನೋಡಾಕತ್ತಿದ್ನಿ," ಎಂದು ಅವರು ನಗಲು ನೋಡಿದರು. ನಗೆ ಅರ್ಧಕ್ಕೇ ನಿಂತಿತು. "ತಪ್ಪು ಮಾಡಾಕ ನನಗ ಅಂಜಿಕಿ ಇಲ್ರಿ ಸರ. ಕಲಿಯಾವ್ರು ತಪ್ಪು ಮಾಡಾವ್ರ. ಆದ್ರ ಕೈ ನಡಗೂದನ್ನ ಎಂಟ ಕಡೆ ನೋಡಿದ್ನಲ್ಲ, ಆ ಕೈ ನಂದ ಅಲ್ಲ ಅನಿಸಿಬಿಡ್ತು."

ಸರದಾರ ತಾನು ಮಾಡಿದ ಬದಲಾವಣೆಯನ್ನು ವಿವರಿಸಿದ. ಸೋಹೇಲ ಹೇಳಿದ್ದನ್ನು ಹೇಳಬೇಕೇ ಬೇಡವೇ ಎಂದು ಅವನು ತೂಗುತ್ತಿದ್ದ. ಹೇಳಿದರೆ ಅದೂ ಒಂದು ಅರಿವೆ ಎತ್ತಿದಂತೆಯೇ ಎನಿಸಿ ಬಾಯಿ ಮುಚ್ಚಿಕೊಂಡ. ಆದರೆ ಆ ಮಾತು ಇಂದ್ರಾಬಾಯಿಯ ಕಡೆಯಿಂದಲೇ ಬಂತು.

"ಅವತ್ತ ಎಸ್.ಟಿ.ದಾಗ ಕುಂತಾಗ ಆ ಸೋಹೇಲನ ಪಾಟಿ ನೆನಪಾತ್ರಿ. ಸಣ್ಣಾವಿದ್ದ. ಮೂರರ ಅಂಕಿ ತಿರುವಿ ಬರದಿದ್ದ. ನಾ ಎತ್ತಿ ಹಿಡದು ಎಲ್ಲಾರಿಗೂ ತೋರಿಸಿದ್ನಿ. ನಕ್ರ ನಗಲಿ, ನೆನಪ ಉಳೀತೈತಿ ಅಂತಿದ್ನಿ." ಅವರು ಮೇಜಿನ ಮೇಲೆ ಯಾರೋ ಮರೆತು ಹೋದ ಪಾಟಿಯೊಂದನ್ನು ಬೋರಲು ಹಾಕಿದರು. "ಉಳದೈತಿ ನೋಡ್ರಿ. ಇಬ್ಬರಿಗೂ ಉಳದೈತಿ."

"ಸೋಮವಾರ ಬರ್ತೀರಲ್ರಿ?"

"ನೋಡೂಣ್ರಿ," ಎಂದರು ಅವರು.

ಸೋಮವಾರ ಅವರು ಬಂದರು. ತಮ್ಮ ಕಂಪ್ಯೂಟರಿನ ಹೊದಿಕೆಯನ್ನು ತಾವೇ ತೆಗೆದರು. ಸರದಾರ ಎಲ್ಲರಿಗೂ ಹೊಸ ಕೀಲಿ ತೋರಿಸಿ, "ತೋರಿಸಬೇಕು ಅನಿಸಿದ್ರ ಒತ್ರಿ. ಇಲ್ಲಂದ್ರ ಬ್ಯಾಡ. ನನಗೂ ಕಾಣೂದಿಲ್ಲ," ಎಂದ.

ಯಾರೂ ಒತ್ತಲಿಲ್ಲ. ಮಂಗಳವಾರವೂ ಇಲ್ಲ. ಮತ್ತೆ ಹಳೆಯ ಹಾಗೆ ಖುರ್ಚಿಯಿಂದ ಖುರ್ಚಿಗೆ ಓಡಾಡಿ ಸರದಾರ ಬೆವೆತ. ಶಿವಶರಣ ಮೆಟ್ಟಿಲ ತುದಿಯಲ್ಲಿ ನಿಂತು ನೋಡಿ, "ಎಂಟು ಪಡದಾ ಎಂಟು ಮನಿ ಆಗ್ಯಾವಲ್ರಿ! ಎಲ್ಲಾರೂ ಕದಾ ಹಾಕ್ಕೊಂಡು ಕುಂತಾರ," ಎಂದು ಹೇಳಿ ಇಳಿದು ಹೋದರು. ತಾನು ಮತ್ತೆ ತಪ್ಪು ಮಾಡಿದೆನೇನೋ ಎಂದು ಸರದಾರ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಬುಧವಾರ ಸೋಹೇಲ ಎಲ್ಲರಿಗಿಂತ ಮೊದಲು ಬಂದ. ಅಂಗಿಯೊಳಗಿಂದ ಒಂದು ಕರಿ ರಬ್ಬರಿನ ಚೌಕ ತೆಗೆದ. ಲಾರಿಯ ಹಳೆ ಟ್ಯೂಬಿನಿಂದ ಕತ್ತರಿಸಿ, ಅಂಚು ಉಜ್ಜಿ ನಯಮಾಡಿದ್ದು. ಇಂದ್ರಾಬಾಯಿಯ ಮೇಜಿನ ಮೇಲೆ ಅದನ್ನು ಹಾಸಿ, ಅದರ ಮೇಲೆ ಮೌಸ್ ಇಟ್ಟ.

"ಏನಪಾ ಇದು?" ಎಂದು ಬಾಗಿಲಲ್ಲಿದ್ದ ಇಂದ್ರಾಬಾಯಿ ಕೇಳಿದರು.

ಸೋಹೇಲ ಬೆಚ್ಚಿದ. "ಈ ಮೇಜು ಭಾಳ ನುಣ್ಣಗೈತಿರಿ ಅಕ್ಕೋರ. ಮೌಸಿನ ಒಳಗ ಗುಂಡು ಇರತೈತಿ, ಅದು ತಿರಗೂದಿಲ್ಲ, ಜಾರತೈತಿ. ಅದಕ್ಕ ಬಾಣ ಓಡತೈತಿ. ನಿಮ್ಮ ಕೈದು ತಪ್ಪಲ್ಲ." ಆಮೇಲೆ ಸೇರಿಸಿದ, "ಸ್ವಲ್ಪ ವಾಸನಿ ಬರ್ತೈತಿ. ಎರಡ ದಿವಸದಾಗ ಹೋಗತೈತಿ."

ಇಂದ್ರಾಬಾಯಿ ಅವನ ಮುಖ ನೋಡಿದರು. "ಉಲ್ಟಾ ಹಾಕಿಲ್ಲಲ್ಲಪಾ?" ಎಂದರು.

ಸೋಹೇಲನ ಕಿವಿ ಕೆಂಪಾದವು. ಆಮೇಲೆ ನಕ್ಕ. "ಇಲ್ರಿ ಅಕ್ಕೋರ. ಈ ಸಲ ಸೀದಾ ಹಾಕೀನಿ."

"ಅವತ್ತ ನಾ ಹಂಗ ಮಾಡಬಾರದಿತ್ತೋ," ಎಂದರು ಅವರು ತಗ್ಗಿದ ದನಿಯಲ್ಲಿ. ಅವನು ರಬ್ಬರಿನ ಮೂಲೆಯೊಂದನ್ನು ಒತ್ತಿ ಸರಿಮಾಡಿದ.

ಅಂದು ಕ್ಲಾಸು ಅರ್ಧವಾಗಿರಬೇಕು. ಸರದಾರ ಕೋಣೆಯ ಇನ್ನೊಂದು ತುದಿಯಲ್ಲಿದ್ದ. ಇದ್ದಕ್ಕಿದ್ದಂತೆ ಎಂಟೂ ಪರದೆಗಳ ಮೇಲೆ ಒಂದು ಬಿಳಿ ಪುಟ ಮೂಡಿತು. ಹೆಸರಿಲ್ಲ. ಯಾರದೆಂದು ಎಲ್ಲರೂ ತಲೆ ಎತ್ತಿ ನೋಡುತ್ತಿರುವಾಗ ಇಂದ್ರಾಬಾಯಿ ಕೈ ಎತ್ತಿದರು.

"ನಂದರಿ. ನಾನ ಒತ್ತೀನಿ. ನನ್ನ ಅರ್ಜಿ ಮತ್ತ ಹೋತು ನೋಡ್ರಿ. ಯಾರಿಗರೆ ಗೊತ್ತಿದ್ರ ಹೇಳ್ರಪಾ."

ಯಾರೂ ನಗಲಿಲ್ಲ. ಸರದಾರ ಬಾಯಿ ತೆರೆಯುವ ಮೊದಲೇ ಸೋಹೇಲ ಕೂತಲ್ಲಿಂದಲೇ ಹೇಳಿದ: "ಅಕ್ಕೋರ, ಕಂಟ್ರೋಲ್ ಒತ್ತಿ ಹಿಡದು ಜೆಡ್ ಒತ್ರಿ."

ಒತ್ತಿದರು. ಎಂಟೂ ಪರದೆಗಳ ಮೇಲೆ ಅರ್ಜಿ ಒಮ್ಮೆಗೇ ಮರಳಿ ಬಂತು.

"ಅಯ್ಯ! ಎಲ್ಲಿ ಹೋಗಿತ್ತೋ ಇದು?"

"ಎಲ್ಲೂ ಹೋಗಿದ್ದಿಲ್ರಿ ಅಕ್ಕೋರ. ಅಲ್ಲೇ ಇತ್ತು."

ಬಾಣ ಮೆಲ್ಲಗೆ ಮೇಲೆ ಹೊರಟಿತು. ಗುಂಡಿಯ ಹತ್ತಿರ ಬಂದು ಸ್ವಲ್ಪ ನಡುಗಿತು. ಎಂಟು ಜನ ಉಸಿರು ಹಿಡಿದು ನೋಡಿದರು. ನಿಂತಿತು. ಶೀರ್ಷಿಕೆ ಪುಟದ ನಡುವಿಗೆ ಬಂದು ಕೂತಿತು.

"ಎಸ್.ಟಿ. ನಿಲ್ದಾಣಕ್ಕ ಬಂತು ನೋಡ್ರಪಾ, ಇಳಕೋರಿ," ಎಂದರು ಇಂದ್ರಾಬಾಯಿ. ಮೊದಲು ನಕ್ಕವರು ಅವರೇ. ಆಮೇಲೆ ಇಡೀ ಕೋಣೆ ನಕ್ಕಿತು.

ಹತ್ತು ನಿಮಿಷದ ಮೇಲೆ ಇನ್ನೊಬ್ಬರು ಒತ್ತಿದರು. ಕರೆಂಟು ಹೋಗುವ ಮೊದಲು ಸೋಹೇಲನೂ ಒತ್ತಿದ; ಅವನ ಕೋಷ್ಟಕದ ಸಾಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. "ಎರಡನೇ ಸಾಲಿನ್ಯಾಗ ಒಂದ ಮನಿ ಖಾಲಿ ಬಿಟ್ಟೀ ನೋಡಪಾ," ಎಂದು ಕೋಣೆಯ ಆಚೆ ತುದಿಯಿಂದ ಹಳೆಯ ಮಾಸ್ತರಿಕೆಯ ದನಿಯೊಂದು ಕೇಳಿಸಿತು. ಸರದಾರ ಅಂದು ಕ್ಲಾಸಿನ ಬೀಗ ಹಾಕಿ ಒಂದೇ ಸಲ ಎಳೆದು ನೋಡಿದ.

ಡಿಸೆಂಬರಿನಲ್ಲಿ ಪರೀಕ್ಷೆ ಆಯಿತು. ಜನವರಿಯ ಕೊನೆಗೆ ಫಲಿತಾಂಶದ ಲಕೋಟೆಗಳು ಬಂದವು. ಇಂದ್ರಾಬಾಯಿಯ ಲಕೋಟೆಯನ್ನು ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ಸರದಾರನಿಗೆ ಮನಸ್ಸಾಗಲಿಲ್ಲ. ತೆರೆಯದೆಯೇ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಶನಿವಾರ ಅಸಂಗಿಗೆ ಹೋದ.

ಎರಡನೇ ಇಯತ್ತೆಯ ಬಾಗಿಲು ತೆರೆದಿತ್ತು. ಮಕ್ಕಳು ನೆಲದ ಮೇಲೆ ಸಾಲಾಗಿ ಕೂತಿದ್ದರು. ಲೆಕ್ಕ ಮುಗಿಸಿದವರು ಪಾಟಿಗಳನ್ನು ಬೋರಲು ಹಾಕಿ, ಮೇಲೆ ಕೈ ಇಟ್ಟುಕೊಂಡಿದ್ದರು. ಇಂದ್ರಾಬಾಯಿ ಸಾಲಿನ ನಡುವೆ ಬಗ್ಗಿ ಬಗ್ಗಿ ನಡೆಯುತ್ತಿದ್ದರು. ತೋರಿಸಿದವರ ಪಾಟಿಯನ್ನು ಅಲ್ಲೇ ಕೂತು ನೋಡಿ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಮುಂದಿನ ಸಾಲಿನ ಸಣ್ಣ ಹುಡುಗಿಯೊಬ್ಬಳು ತನ್ನದನ್ನು ಎದೆಗೆ ಅವಚಿಕೊಂಡು ತಲೆ ಅಲ್ಲಾಡಿಸಿದಳು.

"ಇರ್ಲೇಳವ್ವಾ. ಸೋಮವಾರ ತೋರ್ಸು," ಎಂದು ಅವರು ಮುಂದೆ ಹೋದರು. ಆಗ ಬಾಗಿಲಲ್ಲಿದ್ದ ಸರದಾರನನ್ನು ನೋಡಿದರು.

ಅವನು ಲಕೋಟೆ ಕೊಟ್ಟ. "ನಾ ನೋಡಿಲ್ರಿ," ಎಂದ.

ಇಂದ್ರಾಬಾಯಿ ಅದನ್ನು ಹಿಡಿದುಕೊಂಡು ಗೋಡೆಯ ಕಡೆ ತಿರುಗಿದರು. ಕಾಗದ ಹರಿಯುವ ಸಪ್ಪಳ. ಸರದಾರ ಅವರ ಬೆನ್ನನ್ನು ನೋಡುತ್ತ ನಿಂತ. ಮಕ್ಕಳೂ ನೋಡುತ್ತ ಕೂತರು.

ಅವರು ತಿರುಗಿದಾಗ ಕಣ್ಣು ಒದ್ದೆಯಾಗಿದ್ದವು. ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಮಕ್ಕಳ ಕಡೆ ಹಿಡಿದರು.

"ಇದು ನನ್ನ ಪಾಟಿ," ಎಂದರು. "ನೂರಕ್ಕ ಐವತ್ತಮೂರು ಬಿದ್ದಾವ. ಪಾಸಾಗೀನಿ. ನಲವತ್ತೇಳು ತಪ್ಪ್ಯಾವ."

ಮಕ್ಕಳಿಗೆ ಚಪ್ಪಾಳೆ ತಟ್ಟಬೇಕೋ ಸುಮ್ಮನಿರಬೇಕೋ ತಿಳಿಯಲಿಲ್ಲ. ಮುಂದಿನ ಸಾಲಿನ ಆ ಹುಡುಗಿ ಕಾಗದವನ್ನು ನೋಡಿದಳು, ಅಕ್ಕೋರ ಮುಖ ನೋಡಿದಳು. ಎದೆಗೆ ಅವಚಿಕೊಂಡಿದ್ದ ಪಾಟಿಯನ್ನು ಮೆಲ್ಲಗೆ ತಿರುಗಿಸಿ, ತಲೆಗಿಂತ ಮೇಲೆ ಎತ್ತಿ ಹಿಡಿದಳು.